ದಾರಿಯಲ್ಲಿ ಉಳಿದ ಥೈರಾಯ್ಡ್



ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೊರಟ ಅನೇಕ ರೈಲುಗಳು ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತು ಮುಂದೆ ಸಾಗುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಕೊರಳಿನ ಥೈರಾಯ್ಡ್ ಗ್ರಂಥಿಯೂ ಹೀಗೆ ಪ್ರಯಾಣ ಮಾಡಿ ಬಂದದ್ದೇ. ತಾಯಿಯ ಗರ್ಭದಲ್ಲಿ ಸುಮಾರು 4ನೆಯ ವಾರದಲ್ಲಿ ಅದು ನಾಲಗೆಯ ಬುಡದಲ್ಲಿ ಮೊಳೆತು, ಕೆಳಗಿಳಿಯುತ್ತಾ, 7ನೆಯ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ಚಿಟ್ಟೆಯ ಆಕಾರದಲ್ಲಿ ನೆಲೆ ನಿಲ್ಲುತ್ತದೆ. ದಾರಿಯಲ್ಲಿ ಒಂದೆರಡು ಚೂರು ಉಳಿದುಬಿಡುವುದುಂಟು. ಅಪರೂಪಕ್ಕೆ ಇಡೀ ಗ್ರಂಥಿಯೇ ಹೊರಟ ನಿಲ್ದಾಣ ಬಿಟ್ಟು ಕದಲುವುದಿಲ್ಲ.

ಬೇಲೂರಿನಲ್ಲಿ ಚಿತ್ರೀಕರಣಕ್ಕೆ ಹೋದಾಗ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಸರ್, ಇರಬಾರದ ಜಾಗದಲ್ಲಿ ಗಂಟಿದ್ದರೆ ಕತ್ತರಿಸಿ ತೆಗೆದರಾಯಿತಲ್ಲ?" ನಾನು ವೈದ್ಯನಲ್ಲ, ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಆದರೂ ಇಷ್ಟು ಬಲ್ಲೆ: ನಾಲಗೆಯ ಬುಡದ ಆ ಗಂಟು ಎಷ್ಟೋ ಸಲ ದೇಹದಲ್ಲಿರುವ ಏಕೈಕ ಥೈರಾಯ್ಡ್. ಅದನ್ನು ತೆಗೆದರೆ ಬದುಕಿರುವತನಕ ಹಾರ್ಮೋನ್ ಮಾತ್ರೆ ನುಂಗಬೇಕು. ಎಳೆಯ ಮಗುವಿಗೆ ಮಾತ್ರೆ ತಪ್ಪಿತೋ, ಬೆಳವಣಿಗೆ, ಬುದ್ಧಿ ಎರಡಕ್ಕೂ ಪೆಟ್ಟು. ಆದ್ದರಿಂದ ಕತ್ತಿ ಹಿಡಿಯುವ ಮೊದಲು ಅಲ್ಟ್ರಾಸೌಂಡ್ ಮಾಡಿ, ಕೊರಳಿನಲ್ಲಿ ಗ್ರಂಥಿ ಇದೆಯೇ ಎಂದು ನೋಡುತ್ತಾರೆ. ವಿಕಿರಣ ಅಯೋಡಿನ್ ಕೊಟ್ಟು ಸ್ಕ್ಯಾನ್ ಮಾಡುವುದೂ ಉಂಟು. ಅಯೋಡಿನ್ ಹೀರುವ ಚಟವೇ ಅಡಗಿದ ಥೈರಾಯ್ಡನ್ನು ಹಿಡಿದುಕೊಡುತ್ತದೆ.

ಅಲ್ಲಿಂದ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರ ದೇವಾಲಯದ ಬಳಿಯ ವಸ್ತುಸಂಗ್ರಹಾಲಯದಲ್ಲಿ ಬಿಡಿ ಶಿಲ್ಪಗಳಿವೆ. ಯಾವ ಕಲ್ಲು ಯಾವ ಗುಡಿಯದೆಂದು ನೋಡಿದೊಡನೆ ಹೇಳಲಾಗದು. ಕೊರಳ ಪಕ್ಕದ ಗಂಟೂ ಹಾಗೆಯೇ. ಅಲ್ಲಿನ ದುಗ್ಧರಸ ಗ್ರಂಥಿಗಳಲ್ಲಿ ಕಂಡ ಥೈರಾಯ್ಡ್ ಅಂಗಾಂಶವನ್ನು ಹಿಂದಿನ ವೈದ್ಯರು ದಾರಿ ತಪ್ಪಿದ ನಿರಪಾಯದ ಚೂರೆಂದೇ ಎಣಿಸಿದ್ದರು. ಈಗ ತಿಳಿದಿರುವುದು ಬೇರೆ: ಅದು ಬಹುಮಟ್ಟಿಗೆ ಗ್ರಂಥಿಯೊಳಗಿನ ಪ್ಯಾಪಿಲರಿ ಕ್ಯಾನ್ಸರ್ ಹರಡಿದ ಗುರುತು. ಮೂಲ ಗಡ್ಡೆ ಕೈಗೆ ಸಿಗದಷ್ಟು ಚಿಕ್ಕದಿರಬಹುದು. ಗಳಗಂಡದಿಂದ ಬೇರ್ಪಟ್ಟು ನಿಂತ ನಿರಪಾಯದ ಗಂಟುಗಳೂ ಇವೆಯೆನ್ನಿ. ಎರಡನ್ನೂ ಬೇರ್ಪಡಿಸಿ ಹೇಳಲು ಸೂಜಿ ಪರೀಕ್ಷೆ, ಸೂಕ್ಷ್ಮದರ್ಶಕ ಬೇಕೇ ಬೇಕು.

ಗ್ರಂಥಿಯ ಕೆಳತುದಿಯಿಂದ ಎದೆಯ ಥೈಮಸ್‌ನತ್ತ ಇಳಿಯುವ ಚೂರುಗಳ ಕಾಟ ಇನ್ನೊಂದು ಬಗೆಯದು. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಇವು ಉಳಿದರೆ ವರ್ಷಗಳ ಮೇಲೆ ಮತ್ತೆ ಬೆಳೆಯಬಹುದು. ಎರಡನೆಯ ಸಲ ಕೊರಳು ತೆರೆಯುವಾಗ ಹಳೆಯ ಗಾಯದ ಕಲೆಯ ನಡುವೆ ದನಿಯ ನರವನ್ನು ಹುಡುಕುವುದು ಕಷ್ಟ. ಅದಕ್ಕೆ ಏಟು ಬಿದ್ದರೆ ದನಿ ಒಡೆಯುತ್ತದೆ.

ಕನ್ನಡಿಯ ಮುಂದೆ ಒಂದು ಗುಟುಕು ನೀರು ನುಂಗಿ ನೋಡಿ. ಕೊರಳಲ್ಲಿ ಗಂಟು ಮೇಲೇರಿ ಇಳಿದರೆ, ಅಥವಾ ಪಕ್ಕದಲ್ಲಿ ಕದಲದೆ ಉಳಿದರೆ, ವೈದ್ಯರಿಗೆ ತೋರಿಸಿ. ತೆಗೆಯಬೇಕೆಂದು ಅವರು ಹೇಳಿದಾಗ, "ಇದನ್ನು ಬಿಟ್ಟು ನನಗೆ ಬೇರೆ ಥೈರಾಯ್ಡ್ ಇದೆಯೇ?" ಎಂದು ಕೇಳಿಬಿಡಿ.