ಗುಂಡಿಗಿಂತ ಮೊದಲು ಕಣ್ಣು: ಮಧ್ಯಮ ಬೆಲೆಯ ದುರ್ಬೀನಿನ ಆಯ್ಕೆ

(ಉಪನ್ಯಾಸದ ಪಠ್ಯ)

ಅಮೆರಿಕದ ಕೊಲೊರಾಡೊ ರಾಜ್ಯದ ಪರ್ವತಗಳಲ್ಲಿ ಪ್ರತಿ ಶರತ್ಕಾಲದಲ್ಲಿ ಪರವಾನಗಿ ಪಡೆದ ಬೇಟೆಗಾರರು ಎಲ್ಕ್ ಎಂಬ ಜಿಂಕೆಯನ್ನು ಅರಸಿ ಹೊರಡುತ್ತಾರೆ. ಇದು ಮಲೆನಾಡಿನ ಕಡವೆಯ ಬಂಧುವೇ. ಗಾತ್ರದಲ್ಲಿ ತುಸು ದೊಡ್ಡದು. ಅಲ್ಲಿನ ಬಹುತೇಕ ಪ್ರದೇಶಗಳಲ್ಲಿ ಒಂದು ನಿಯಮವಿದೆ. ಗಂಡು ಎಲ್ಕಿನ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲುಗಳಿರಬೇಕು, ಇಲ್ಲವೇ ಹುಬ್ಬಿನ ಮೇಲಿನ ಕವಲು ಕನಿಷ್ಠ 5 ಅಂಗುಲ ಉದ್ದವಿರಬೇಕು. ಅದಕ್ಕಿಂತ ಎಳೆಯ ಪ್ರಾಣಿಯನ್ನು ಕೊಲ್ಲುವುದು ಅಪರಾಧ. ನಾನೂರು ಮೀಟರ್ ದೂರದಲ್ಲಿ, ಬೆಳಕು ಹರಿಯುವ ಹೊತ್ತಿನಲ್ಲಿ, ಮರಗಳ ನಡುವೆ ನಿಂತ ಪ್ರಾಣಿಯ ಕೊಂಬಿನ ಕವಲುಗಳನ್ನು ಎಣಿಸುವುದು ಹೇಗೆ? ಬೇಟೆಗಾರನ ನಿಜವಾದ ಪರೀಕ್ಷೆ ಇಲ್ಲಿದೆ, ಬಂದೂಕಿನಲ್ಲಲ್ಲ. ಅದೇ ರಾಜ್ಯಕ್ಕೆ 1978ರಲ್ಲಿ ಮೂಸ್ ಎಂಬ ಇನ್ನೊಂದು ಮಹಾಕಾಯದ ಜಿಂಕೆಯನ್ನು ಹೊರಗಿನಿಂದ ತಂದು ಬಿಡಲಾಯಿತು. ಎಲ್ಕ್ ಎಂದು ತಪ್ಪಾಗಿ ಭಾವಿಸಿ ಮೂಸನ್ನು ಕೊಂದ ಪ್ರಕರಣಗಳು ಅಲ್ಲಿ ಇಂದಿಗೂ ವರದಿಯಾಗುತ್ತವೆ.

ಬೇಟೆಯನ್ನು ನಿಷೇಧಿಸಿದ ದೇಶದಲ್ಲಿ ಬೇಟೆಗಾರರ ಮಾತೇಕೆ ಎಂಬ ಪ್ರಶ್ನೆ ಸಹಜ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಪರವಾನಗಿಯೇ ಇಲ್ಲ. ಆದರೆ ಮಂಜು ಕವಿದ ಮುಂಜಾನೆಯಲ್ಲಿ ಕಾಫಿ ತೋಟದ ಅಂಚಿನಲ್ಲಿ ಆನೆಯಿದೆಯೋ ಇಲ್ಲವೋ, ಜೊತೆಗೆ ಮರಿಯಿದೆಯೋ ಎಂದು ದೂರದಿಂದಲೇ ತಿಳಿಯಬೇಕಾದ ಕೂಲಿಕಾರನಿಗೂ ಆ ಎಲ್ಕ್ ಬೇಟೆಗಾರನಿಗೂ ಬೇಕಾದ ಉಪಕರಣ ಒಂದೇ. ದೊಡ್ಡ ಪ್ರಾಣಿ, ದೂರದ ನೋಟ, ಮಂದ ಬೆಳಕು: ಈ ಮೂರಕ್ಕೂ ಯಾವ ದುರ್ಬೀನು ಸಲ್ಲುತ್ತದೆ ಎಂಬ ಅನುಭವ ಆ ಬೇಟೆಗಾರರಲ್ಲಿ ದಂಡಿಯಾಗಿದೆ.

ಅವರಲ್ಲಿ ಇನ್ನೊಂದು ಶಿಸ್ತೂ ಉಂಟು. ಬಂದೂಕಿನ ಮೇಲೆ ಕೂರಿಸಿದ ದೂರದರ್ಶಕದಿಂದ ಏನನ್ನೂ ಹುಡುಕಬಾರದು. ಅದರಿಂದ ನೋಡುವುದೆಂದರೆ ನೋಡಿದ್ದರ ಕಡೆಗೆಲ್ಲ ನಳಿಗೆಯನ್ನು ತಿರುಗಿಸುವುದೇ ಸರಿ. ಪೊದೆಯಲ್ಲಿ ಅಲುಗಿದ್ದು ಸೊಪ್ಪು ಕೊಯ್ಯುವ ಮನುಷ್ಯನೂ ಆಗಿರಬಹುದು. ಕಾಡುಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹಾರಿಸಿದ ಕಳ್ಳಬೇಟೆಯ ಸುದ್ದಿಗಳು ಮಲೆನಾಡಿನ ಓದುಗರಿಗೆ ಹೊಸವಲ್ಲ.

ದುರ್ಬೀನಿನ ಮೇಲೆ 8×42 ಅಥವಾ 10×42 ಎಂದು ಬರೆದಿರುತ್ತದೆ. ಮೊದಲ ಅಂಕಿ ವರ್ಧನೆ. ನಾನೂರು ಮೀಟರ್ ಆಚೆಯ ಪ್ರಾಣಿ ಎಂಟು ಪಟ್ಟಿನಲ್ಲಿ ಐವತ್ತು ಮೀಟರಿನಲ್ಲಿ ನಿಂತಂತೆಯೂ ಹತ್ತು ಪಟ್ಟಿನಲ್ಲಿ ನಲವತ್ತು ಮೀಟರಿನಲ್ಲಿ ನಿಂತಂತೆಯೂ ಕಾಣುತ್ತದೆ. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ದೊರೆಯುತ್ತದೆ. 8×42ರಲ್ಲಿ ಅದು 5.25 ಮಿ.ಮೀ., 10×42ರಲ್ಲಿ 4.2 ಮಾತ್ರ. ನಡುಹಗಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ.ಗೆ ಕುಗ್ಗಿರುವುದರಿಂದ ವ್ಯತ್ಯಾಸ ತಿಳಿಯದು. ಮುಸ್ಸಂಜೆಯಲ್ಲಿ ಪಾಪೆ ಅರಳುತ್ತದೆ. ಆಗ ಆ ಒಂದು ಮಿಲಿಮೀಟರು ಲೆಕ್ಕಕ್ಕೆ ಬರುತ್ತದೆ. ಬಯಲು ಕಣಿವೆಗಳ ಬೇಟೆಗಾರರು ಹತ್ತು ಪಟ್ಟನ್ನು ಮೆಚ್ಚುತ್ತಾರೆ, ದಟ್ಟ ಕಾಡಿನವರು ಎಂಟನ್ನು. ಹತ್ತು ಪಟ್ಟು ಪ್ರಾಣಿಯನ್ನಷ್ಟೇ ಅಲ್ಲ, ಕೈನಡುಕವನ್ನೂ ಹಿಗ್ಗಿಸುತ್ತದೆ. ನೋಟದ ಹರವೂ ಕಿರಿದು. ಮರಗಳ ಸಂದಿನಲ್ಲಿ ಮಿಂಚಿ ಮಾಯವಾಗುವುದನ್ನು ಹಿಡಿಯಬೇಕಾದ ಪಶ್ಚಿಮಘಟ್ಟಕ್ಕೆ ಎಂಟೇ ಸೂಕ್ತ. ಹದಿನಾರು, ಇಪ್ಪತ್ತು ಪಟ್ಟೆಂದು ಜಾತ್ರೆಯಲ್ಲಿ ಮಾರುವ ಪುಟ್ಟ ದುರ್ಬೀನುಗಳು ಆಟಿಕೆಗಳು.

ಮಧ್ಯಮ ಬೆಲೆ ಎಂದರೆಷ್ಟು? ಅಮೆರಿಕದ ಬೇಟೆಗಾರನ ಮಾತಿನಲ್ಲಿ ಇನ್ನೂರರಿಂದ ಐನೂರು ಡಾಲರ್. ರೂಪಾಯಿಯಲ್ಲಿ ಸ್ಥೂಲವಾಗಿ ಹದಿನೇಳು ಸಾವಿರದಿಂದ ನಲವತ್ತೈದು ಸಾವಿರ. ಮಲೆನಾಡಿನ ಸಣ್ಣ ಹಿಡುವಳಿದಾರನ ಮನೆಗೆ ಇದು ಮಧ್ಯಮವೇನಲ್ಲ, ಹಾಲು ಕೊಡುವ ಹಸುವಿನ ಬೆಲೆ. ಯುವಕ ಸಂಘವೋ ಶಾಲೆಯೋ ಸೇರಿ ಒಂದನ್ನು ಕೊಳ್ಳುವುದು ವಿವೇಕ. ಝೈಸ್, ಲೈಕಾ, ಸ್ವರೋವ್‌ಸ್ಕಿಗಳ ಉತ್ತಮ ಮಾದರಿಗಳು ಲಕ್ಷ ರೂಪಾಯಿಯನ್ನು ದಾಟುತ್ತವೆ. ಅಗ್ಗದ್ದರಿಂದ ಮಧ್ಯಮಕ್ಕೆ ಏರಿದಾಗ ನೋಟದಲ್ಲಿ ಆಗುವ ಸುಧಾರಣೆ ಅಪಾರ. ಮಧ್ಯಮದಿಂದ ದುಬಾರಿಗೆ ಏರಿದಾಗ ಹಣ ನಾಲ್ಕೈದು ಪಟ್ಟಾದರೂ ಸುಧಾರಣೆ ಅಲ್ಪ.

ಹಣ ಹೋಗುವುದು ಗಾಜಿಗೆ ಹಾಗೂ ಲೇಪನಕ್ಕೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಶೇಕಡ 4ರಷ್ಟು ಬೆಳಕನ್ನು ಪ್ರತಿಫಲಿಸಿ ಕಳೆಯುತ್ತದೆ. ಅಂಥ ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಪಾಲು ಬೆಳಕು ನಷ್ಟ. ಈ ನಷ್ಟವನ್ನು ತಡೆಯುವ ಲೇಪನವನ್ನು 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲಾ ರೂಪಿಸಿದ. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದ್ದರೆ ಎಲ್ಲ ಮೇಲ್ಮೈಗೂ ಬಹುಪದರದ ಲೇಪನವಿದೆ ಎಂದರ್ಥ. ಬರಿಯ ‘ಕೋಟೆಡ್’ ಎಂಬುದಕ್ಕೆ ಮರುಳಾಗಬಾರದು. ನೇರ ಕೊಳವೆಯ ‘ರೂಫ್’ ಮಾದರಿಗಳಲ್ಲಿ ಪ್ರಿಸಮ್ಮಿಗೆ ‘ಫೇಸ್ ಲೇಪನ’ವೂ ಇರಬೇಕು. ಅದಿಲ್ಲದಿದ್ದರೆ ಚಿತ್ರದ ಮೊನಚು ಮಂಕಾಗುತ್ತದೆ. 1988ರಲ್ಲಿ ಬಂದ ಈ ಲೇಪನ ಆಗ ಸಿರಿವಂತರ ಸೊತ್ತಾಗಿತ್ತು, ಈಗ ಮಧ್ಯಮ ಬೆಲೆಯಲ್ಲೂ ಲಭ್ಯ. ಕೈಯಲ್ಲಿ ಹಣ ತೀರಾ ಕಡಿಮೆಯಿದ್ದರೆ ಹಳೆಯ ರೀತಿಯ, ಭುಜ ಅಗಲವಾದ ‘ಪೊರ್ರೊ’ ಮಾದರಿ ಲೇಸು. ಅಷ್ಟೇ ಬೆಲೆಯ ರೂಫ್ ಮಾದರಿಗಿಂತ ಅದರ ನೋಟ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಆದರೆ ನೀರು ತಡೆಯುವ ಶಕ್ತಿ ಹಲವುದರಲ್ಲಿ ಕಡಿಮೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು ಸರಳ. ದುರ್ಬೀನನ್ನು ಕೈಯಳತೆಯ ದೂರದಲ್ಲಿ ಆಕಾಶದತ್ತ ಹಿಡಿದರೆ ಕಣ್ಣುಗಾಜಿನಲ್ಲಿ ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಬೂದುಬಣ್ಣಕ್ಕಿದ್ದರೆ ಪ್ರಿಸಂ ಕಳಪೆ. ಮುಂದಿನ ಮಸೂರದಲ್ಲಿ ದೀಪದ ಪ್ರತಿಬಿಂಬ ಹಸಿರೋ ನೇರಳೆಯೋ ಆಗಿ ಮಂಕಾಗಿರಬೇಕು, ಬೆಳ್ಳಗೆ ಹೊಳೆಯಬಾರದು. ಮಾಣಿಕ್ಯದಂತೆ ಕೆಂಪಗೆ ಥಳಥಳಿಸುವ ಮಸೂರ ಕೆಂಪು ಬೆಳಕನ್ನೇ ಹೊರಗೆ ತಳ್ಳುತ್ತದೆ. ಅದರಲ್ಲಿ ಕೆಂದಳಿಲಿನ ಬಣ್ಣವೇ ಸರಿಯಾಗಿ ಕಾಣದು. ಬಳಿಕ ಹೊರಗೆ ಬಂದು ದೂರದ ವಿದ್ಯುತ್ ಕಂಬವನ್ನು ನೋಡಬೇಕು. ಎರಡಾಗಿ ಕಂಡರೂ ಕಣ್ಣು ಸೆಳೆದಂತಾದರೂ ಆ ದುರ್ಬೀನು ಬೇಡ. ಕನ್ನಡಕ ಧರಿಸುವವರು ಕಣ್ಣುಗಾಜಿನಿಂದ ಕಣ್ಣಿಗಿರುವ ಅಂತರ 15 ಮಿ.ಮೀ.ಗಿಂತ ಹೆಚ್ಚಿರುವುದನ್ನೇ ಕೇಳಿ ಪಡೆಯಬೇಕು. ಸಾಧ್ಯವಾದರೆ ಸಂಜೆಗತ್ತಲಲ್ಲಿ ನೋಡಿಯೇ ಕೊಳ್ಳಬೇಕು. ಅಂಗಡಿಯ ಬೆಳಕಿನಲ್ಲಿ ಎಲ್ಲ ದುರ್ಬೀನೂ ಒಳ್ಳೆಯದೇ.

ಕೊಲೊರಾಡೊದ ಬೇಟೆಗಾರನಿಗಿಲ್ಲದ ಒಂದು ಶತ್ರು ಮಲೆನಾಡಿನಲ್ಲಿದೆ: ಬೂಷ್ಟು. ಮಳೆಗಾಲದ ತೇವದಲ್ಲಿ ಮಸೂರದೊಳಗೆ ಬೆಳೆದ ಶಿಲೀಂಧ್ರ ಲೇಪನವನ್ನೇ ತಿಂದುಹಾಕುತ್ತದೆ, ಒರೆಸಿದರೆ ಹೋಗದು. ಆದ್ದರಿಂದ ಇಲ್ಲಿ ನೈಟ್ರೋಜನ್ ತುಂಬಿ ಮುಚ್ಚಿದ ಜಲನಿರೋಧಕ ಮಾದರಿಯನ್ನು ಬಿಟ್ಟು ಬೇರೆಯದಕ್ಕೆ ಹಣ ಹಾಕುವುದು ವ್ಯರ್ಥ. ಅದನ್ನೂ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಂದಿಗೆ ಇಡಬೇಕು. ಜೆಲ್ ಬಣ್ಣ ಬದಲಿಸಿದಾಗ ಹದವಾದ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು.

ನೋಡುವ ಕ್ರಮವನ್ನೂ ಆ ಬೇಟೆಗಾರರಿಂದ ಕಲಿಯಬಹುದು. ಅವರು ನಡೆಯುತ್ತ ನೋಡುವುದಿಲ್ಲ. ಕುಳಿತು, ಮೊಣಕೈಗಳನ್ನು ಮೊಣಕಾಲಿಗೆ ಊರಿ, ಇಳಿಜಾರನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿಕೊಂಡು ನಿಧಾನವಾಗಿ ಸವರುತ್ತಾರೆ. ಇಡೀ ಪ್ರಾಣಿಯನ್ನು ಹುಡುಕುವುದಿಲ್ಲ. ನೆಟ್ಟಗಿನ ಮರಗಳ ನಡುವೆ ಬೆನ್ನಿನ ಅಡ್ಡಗೆರೆಯನ್ನು, ಅಲುಗುವ ಕಿವಿಯನ್ನು, ಬಿಸಿಲಿಗೆ ಹೊಳೆದ ಕೊಂಬಿನ ತುದಿಯನ್ನು ಹುಡುಕುತ್ತಾರೆ. ಕಡವೆಯಾಗಲಿ ಕಾಟಿಯಾಗಲಿ ಮೊದಲು ಕಾಣಿಸಿಕೊಳ್ಳುವುದೂ ಹೀಗೆಯೇ.