'ಲೈನ್ ನಿಲ್ಲಿಸಿ' ಅಂದವರ ಮಾತು

ಇವತ್ತು ಮೊದಲು ನನ್ನದೇ ಒಂದು ಕಥೆ. ಎಂಜಿನಿಯರಿಂಗ್ ಮುಗಿಸಿ ಟಿವಿಗೆ ಬರೋ ಮೊದಲು ನಾನೂ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೋಡ್ ಬರೀತಿದ್ದೆ. ಒಂದು ಶುಕ್ರವಾರ ಸಂಜೆ ರಿಲೀಸ್ ಮೀಟಿಂಗ್. ಒಂದು ಟೆಸ್ಟ್ ಬಾಕಿ ಇದೆ ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತು. 'ಏನಾದ್ರೂ ಪ್ರಾಬ್ಲಂ ಇದೆಯಾ?' ಅಂದ್ರು ಮ್ಯಾನೇಜರ್. ಒಬ್ಬ ಹುಡುಗಿ ಮಾತ್ರ 'ಇದೆ ಸರ್' ಅಂದಳು. ನಾನು ಲ್ಯಾಪ್‌ಟಾಪ್ ನೋಡ್ತಾ ಕೂತೆ. ಮುಂದಿನ ತಿಂಗಳು ಆನ್‌ಸೈಟ್‌ಗೆ ಹೋಗೋರ ಪಟ್ಟಿಯಿಂದ ಅವಳ ಹೆಸರು ಮಾಯ! ಬಾಯಿ ಮುಚ್ಕೊಂಡಿರಿ ಅಂತ ನಮಗೆ ಯಾರೂ ಹೇಳಲಿಲ್ಲ. ಆ ಪಟ್ಟಿ ನೋಡಿದ ಮೇಲೆ ಹೇಳೋ ಅಗತ್ಯವೂ ಬೀಳಲಿಲ್ಲ.

ನಮ್ಮಲ್ಲಿ ಕೆಟ್ಟಿದ್ದು ಒಂದು ಸಾಫ್ಟ್‌ವೇರ್, ಸರಿಮಾಡಿದ್ವಿ. ಆದರೆ ವಿಮಾನ ಮಾಡೋ ಕಂಪನಿಯಲ್ಲಿ ಹೀಗಾದ್ರೆ?

ಬೋಯಿಂಗ್ ತಗೊಳ್ಳಿ. ಸಿಯಾಟಲ್‌ನಲ್ಲಿ ಹುಟ್ಟಿದ ಕಂಪನಿ, ಎಂಜಿನಿಯರುಗಳ ಮಾತು ನಡೆಯೋ ಜಾಗ ಅನ್ನೋ ಹೆಸರು. 1997ರಲ್ಲಿ ಮ್ಯಾಕ್‌ಡೊನೆಲ್ ಡಗ್ಲಾಸ್ ಜೊತೆ ವಿಲೀನ. 2001ರಲ್ಲಿ ಮುಖ್ಯ ಕಚೇರಿ ಷಿಕಾಗೋಗೆ. ವಿಮಾನ ಜೋಡಿಸೋರು ಒಂದು ಕಡೆ, ತೀರ್ಮಾನ ಮಾಡೋರು ಸಾವಿರಾರು ಕಿಲೋಮೀಟರ್ ಆಚೆ. ಅಲ್ಲಿಂದ ಗಡುವು, ಷೇರು ಬೆಲೆಯ ಮಾತೇ ಜೋರಾಯ್ತು ಅಂತ ಅಲ್ಲಿ ದುಡಿದವರೇ ಹೇಳಿದ್ದಾರೆ.

ಆಮೇಲೆ ಬಂದಿದ್ದು 737 ಮ್ಯಾಕ್ಸ್. ವಿಮಾನದ ಮೂತಿಯನ್ನು ತಾನಾಗೇ ಕೆಳಕ್ಕೆ ತಳ್ಳೋ ಒಂದು ಸಾಫ್ಟ್‌ವೇರ್ ಅದರಲ್ಲಿತ್ತು. ಎರಡು ಸೆನ್ಸರ್ ಇದ್ದರೂ ಅದು ನಂಬಿದ್ದು ಒಂದನ್ನೇ. ಅಲ್ಲಾರೀ, ಆ ಒಂದು ಕೆಟ್ಟರೆ ಗತಿ ಏನು ಅಂತ ಸೆಕೆಂಡ್ ಇಯರ್ ಹುಡುಗನೂ ಕೇಳ್ತಾನೆ! ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ.

2018ರ ಜೂನ್‌ನಲ್ಲಿ ರೆಂಟನ್ ಕಾರ್ಖಾನೆಯ ಹಿರಿಯ ಮ್ಯಾನೇಜರ್ ಎಡ್ ಪಿಯರ್ಸನ್ ಮೇಲಿನವರಿಗೆ ಈಮೇಲ್ ಬರೆದರು. ಕೆಲಸಗಾರರು ಸುಸ್ತಾಗಿದ್ದಾರೆ, ತಪ್ಪುಗಳಾಗ್ತಿವೆ, ಸ್ವಲ್ಪ ದಿನ ಲೈನ್ ನಿಲ್ಲಿಸಿ ಅಂತ. ಅವರು ಬರೆದದ್ದು ಈ ಸಾಫ್ಟ್‌ವೇರ್ ಬಗ್ಗೆ ಅಲ್ಲ, ನಿಜ. ಆದರೆ ಲೈನ್ ನಿಲ್ಲಲಿಲ್ಲ. ಆಗಸ್ಟ್‌ನಲ್ಲಿ ಅವರು ನಿವೃತ್ತರಾದರು. ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ 189 ಜನ ಸತ್ತರು. 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157.

2020ರಲ್ಲಿ ಇನ್ನೊಂದು ವಿಷಯ ಹೊರಬಂತು. ಬೋಯಿಂಗ್‌ನ ಒಳಗಿನವರೇ ಈ ವಿಮಾನವನ್ನು ಗೇಲಿ ಮಾಡಿ ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದ ಮೆಸೇಜ್‌ಗಳು. ಓದ್ತಾ ಓದ್ತಾ ನನಗೆ ನಮ್ಮ ಆಫೀಸಿನ ಕ್ಯಾಂಟೀನ್ ನೆನಪಾಯ್ತು. ನಾವೂ ಅಷ್ಟೇ. ಮೀಟಿಂಗ್‌ನಲ್ಲಿ ಮೌನ, ಟೀ ಕುಡೀವಾಗ ಮಹಾಭಾರತ.

2024ರ ಜನವರಿ 5ರಂದು ಹಾರಾಟದಲ್ಲಿದ್ದ ಮ್ಯಾಕ್ಸ್ ವಿಮಾನವೊಂದರ ಬಾಗಿಲಿನ ಜಾಗದ ಮುಚ್ಚಳವೇ ಕಿತ್ತು ಹೋಯ್ತು. ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟ್ ಹಾಕೇ ಇರಲಿಲ್ಲ. ಅದೇ ತಿಂಗಳು 19ಕ್ಕೆ ನಮ್ಮ ದೇವನಹಳ್ಳಿಯಲ್ಲಿ ಬೋಯಿಂಗ್‌ನ 43 ಎಕರೆ ಕ್ಯಾಂಪಸ್ ಉದ್ಘಾಟನೆ ಆಯ್ತು. ನಮ್ಮ ಮಕ್ಕಳು ಅಲ್ಲಿ ಕೆಲಸ ಮಾಡ್ತಾರೆ ಅನ್ನೋದು ನನಗೂ ಹೆಮ್ಮೆ.

ಮಗನಿಗೋ ಮಗಳಿಗೋ ಹೊಸ ಕೆಲಸ ಸಿಕ್ಕರೆ ನಾವು ಮೊದಲು ಕೇಳೋದು 'ಪ್ಯಾಕೇಜ್ ಎಷ್ಟು?' ಕೇಳಿ, ತಪ್ಪೇನಿಲ್ಲ. ಅದು ಯಾವ ಕಂಪನಿಯೇ ಆಗಿರಲಿ, ಆರು ತಿಂಗಳು ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿ: 'ನಿಮ್ಮ ಆಫೀಸಲ್ಲಿ ಕೊನೇ ಸಲ ಬೇಡ ಸರ್ ಅಂದವರು ಯಾರು? ಅವರೀಗ ಎಲ್ಲಿದ್ದಾರೆ?'