ಕುಡಿತ ಬಿಡುವವನಿಗೂ ಅವನ ಮನೆಯವರಿಗೂ ಜೊತೆಗಾರರು

(ಯುವಕ ಮಂಡಲ ಮತ್ತು ಮಹಿಳಾ ಮಂಡಲಗಳ ಜಂಟಿ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿ ಸಿಂಪಡಣೆ ಎಂದು ಮಾತನಾಡಬೇಕಾದ ಗ್ರಾಮಸೇವಕ ಕುಡಿತದ ವಿಷಯಕ್ಕೆ ಏಕೆ ಕೈಹಾಕಿದ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಒಳ್ಳೆಯ ತಳಿ ಬಿತ್ತಿ, ಹೊತ್ತಿಗೆ ಸರಿಯಾಗಿ ಮೇಲುಗೊಬ್ಬರ ಕೊಟ್ಟು, ಎಕರೆಗೆ ಎರಡು ಮೂಟೆ ಹೆಚ್ಚಿಗೆ ಬೆಳೆದವನ ಹಣ ಸಂತೆಯ ದಿನ ಮನೆ ಮುಟ್ಟದೆ ಹೋದರೆ, ಆ ಎರಡು ಮೂಟೆಯಿಂದ ಹೆಂಡತಿ ಮಕ್ಕಳಿಗೆ ಬಂದ ಲಾಭವೇನು? ಮುಂದಿನ ಬಿತ್ತನೆಗೆ ಮತ್ತೆ ಕೈಸಾಲ, ಆಮೇಲೆ ಒಡವೆ, ಆಮೇಲೆ ಹೊಲದ ಪತ್ರ. ಇದು ತಮಗೆ ಹೊಸದಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಪ್ಯಾಕೆಟ್ಟು ಹೋಗಿ ಬಾಟಲಿ ಬಂತು, ಅಷ್ಟೆ.

ಇಂದು ನಾನು ಹೇಳಬೇಕೆಂದಿರುವುದು ಒಂದು ಸಂದೇಹದ ಬಗ್ಗೆ. ಪೇಟೆಯಲ್ಲಿ ಚರ್ಚಿನ ಹಾಲಿನಲ್ಲಿ ಕುಡಿತ ಬಿಟ್ಟವರು ಸಂಜೆಯ ಹೊತ್ತು ಸಭೆ ಸೇರುತ್ತಾರೆ. ಅಲ್ಲಿಗೆ ಹೋಗಿ ನೋಡಿ ಎಂದು ಯಾರಿಗಾದರೂ ಹೇಳಿದರೆ, "ಬೇಡಪ್ಪ, ಅಲ್ಲಿ ಹೋದರೆ ಮತ ಬದಲಾಯಿಸುತ್ತಾರಂತೆ" ಎಂಬ ಉತ್ತರ ಬರುತ್ತದೆ. ಹೀಗೆ ಅಂಜಿ ಹೋಗದೆ ಉಳಿದ ಮನೆಗಳುಂಟು. ಆದ್ದರಿಂದ ಈ ಸಭೆಗಳು ಎಲ್ಲಿಂದ ಬಂದವು, ಅಲ್ಲಿ ನಡೆಯುವುದೇನು, ನಡೆಯದಿರುವುದೇನು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಮೂಲದಲ್ಲಿ ಇದು ಕ್ರೈಸ್ತರ ನಡುವೆ ಹುಟ್ಟಿದ ಕೆಲಸ ಎಂಬುದು ನಿಜ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಮೊದಲು ಬಂದದ್ದು ಆಣೆ. ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಫಾದರ್ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಪಾದ್ರಿಗಳು 1838ರಲ್ಲಿ ತಾವೇ ಮೊದಲು ಸಹಿ ಹಾಕಿ ಪಾನತ್ಯಾಗದ ಪ್ರತಿಜ್ಞೆ ಮಾಡಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಅವರೆದುರು ಆಣೆ ಮಾಡಿದರು. ಆದರೆ 1845ರಿಂದ ಆ ದೇಶಕ್ಕೆ ಆಲೂಗಡ್ಡೆಯ ಅಂಗಮಾರಿ ರೋಗ ಬಡಿದು ಘೋರ ಕ್ಷಾಮ ಬಂತು. (ಆ ರೋಗ ನಮ್ಮ ಹಾಸನದ ಕಡೆಯ ರೈತರಿಗೂ ಚೆನ್ನಾಗಿ ಗೊತ್ತು.) ಜನ ಸತ್ತರು, ದೇಶ ಬಿಟ್ಟರು, ಚಳವಳಿಯೂ ಕುಸಿಯಿತು. ನಮ್ಮಲ್ಲಿಯೂ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡುವುದುಂಟು. ಆಣೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆಣೆ ಮಾಡಿದವನು ಮಾರನೆಯ ದಿನ ಒಂಟಿಯಾಗಿಯೇ ಆ ಅಂಗಡಿಯ ಮುಂದೆ ಹಾದುಹೋಗಬೇಕಲ್ಲ!

1877ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಲೂಯಿ ಲೂಸಿಯೆನ್ ರೋಶಾ ಎಂಬ ಪಾಸ್ಟರರು ನೀಲಿ ಶಿಲುಬೆ ಎಂಬ ಸಂಘವನ್ನು ಕಟ್ಟಿದರು. ಚೆನ್ನೈನಲ್ಲಿ ನಾಯಿ, ದನಗಳ ಆರೈಕೆ ಮಾಡುವ ಬ್ಲೂ ಕ್ರಾಸ್ ಬೇರೆ, ಇದು ಬೇರೆ. ರೋಶಾ ಅವರ ಸಂಘದಲ್ಲಿ ಜೀವಮಾನಕ್ಕೆಲ್ಲ ಒಂದೇ ಆಣೆ ಎಂಬ ಕಟ್ಟಿರಲಿಲ್ಲ. ಗೊತ್ತಾದ ಅವಧಿಗೆ ಮಾತು ಕೊಟ್ಟು, ಮುಗಿದಾಗ ಮತ್ತೆ ಮುಂದುವರಿಸುವುದು. ಕುಡಿಯದವರೂ ಕುಡುಕನ ಜೊತೆ ನಿಲ್ಲುವುದಕ್ಕಾಗಿ ತಾವೂ ಸಹಿ ಹಾಕುತ್ತಿದ್ದರು. ಬೆಳೆಸಾಲವನ್ನು ಹಂಗಾಮಿನಿಂದ ಹಂಗಾಮಿಗೆ ನವೀಕರಿಸುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಇನ್ನು ಪೇಟೆಯ ಆ ಸಭೆಯ ಬೇರಿಗೆ ಬರೋಣ. ಅಮೆರಿಕಾದ ನ್ಯೂಯಾರ್ಕಿನಲ್ಲಿ ಷೇರು ವ್ಯಾಪಾರ ಮಾಡುತ್ತಿದ್ದ ಬಿಲ್ ವಿಲ್ಸನ್ ಎಂಬುವರು ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು, 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಬಿಟ್ಟರು. ಆಗ ಅವರಿಗೆ ನೆರವಾದದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗ. ತನ್ನ ತಪ್ಪನ್ನು ಇನ್ನೊಬ್ಬರ ಮುಂದೆ ಹೇಳಿಕೊಳ್ಳುವುದು, ನೋಯಿಸಿದವರಿಗೆ ನಷ್ಟ ತುಂಬಿಕೊಡುವುದು, ದಿನವೂ ಮೌನವಾಗಿ ಪ್ರಾರ್ಥಿಸುವುದು ಆ ಬಳಗದ ಪದ್ಧತಿ. 1935ರ ಮೇ ತಿಂಗಳಲ್ಲಿ ವಿಲ್ಸನ್ನರು ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕಾಗಿ ಹೋದರು. ವ್ಯವಹಾರ ಮುರಿದುಬಿತ್ತು. ಹೋಟೆಲಿನಲ್ಲಿ ಒಬ್ಬರೇ. ಒಂದು ಬದಿಗೆ ಪಾನಗೃಹ, ಇನ್ನೊಂದು ಬದಿಗೆ ಟೆಲಿಫೋನು. ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನು ಮಾಡಿ, ತನ್ನಂತೆಯೇ ಕುಡಿತದಿಂದ ನರಳುವ ಒಬ್ಬನನ್ನು ತೋರಿಸಿ ಎಂದು ಕೇಳಿದರು. ಗಮನಿಸಿ, ಅವರು ಉಪದೇಶಕನನ್ನು ಕೇಳಲಿಲ್ಲ, ಇನ್ನೊಬ್ಬ ಕುಡುಕನನ್ನು ಕೇಳಿದರು!

ಹೀಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಒಳ್ಳೆಯ ಶಸ್ತ್ರವೈದ್ಯ, ಕೈ ನಡುಗುವ ಕುಡುಕ. ಹದಿನೈದು ನಿಮಿಷ ಮಾತ್ರ ಕುಳಿತುಕೊಳ್ಳುತ್ತೇನೆ ಎಂದು ಬಂದವರು ಹಲವು ಗಂಟೆ ಕುಳಿತರು. ಉಪದೇಶ ಅವರಿಗೆ ಸಾಕಷ್ಟಾಗಿತ್ತು. ತನ್ನ ಅನುಭವದಿಂದಲೇ ಮಾತನಾಡುವವನು ಸಿಕ್ಕದ್ದು ಅದೇ ಮೊದಲು. ಅವರು ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೊರಗೆಡಹದ ಕುಡುಕರ ಬಳಗ, ಆ ದಿನವನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ಆಗಿನ ಕಾಲದಲ್ಲಿ ಕುಡುಕರನ್ನು ಹೆಚ್ಚಿನ ಆಸ್ಪತ್ರೆಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾಖಲೆ ಬರೆಯುವ ಕೆಲಸದಲ್ಲಿದ್ದ ಸಿಸ್ಟರ್ ಇಗ್ನೇಷಿಯಾ ಎಂಬ ಸನ್ಯಾಸಿನಿ 1939ರಿಂದ ಡಾಕ್ಟರ್ ಬಾಬ್ ಕಳಿಸಿದವರನ್ನು ಹೊಟ್ಟೆಯ ರೋಗವೆಂದು ಬರೆದು ಒಳಗೆ ಮಲಗಿಸಿಕೊಂಡರು. ಆ ತಾಯಿ ಒಂದು ಕ್ರಮ ಇಟ್ಟುಕೊಂಡಿದ್ದರು. ಗುಣವಾಗಿ ಹೊರಡುವವನ ಕೈಗೆ ಒಂದು ಚಿಕ್ಕ ಬ್ಯಾಡ್ಜು ಕೊಡುವರು. ಮತ್ತೆ ಕುಡಿಯಬೇಕೆನಿಸಿದರೆ ಕುಡಿಯುವ ಮೊದಲು ಬಂದು ಇದನ್ನು ನನಗೆ ಹಿಂದಿರುಗಿಸಬೇಕು, ಇಷ್ಟೇ ಷರತ್ತು. ಅಂಗಡಿಗೂ ಅವನಿಗೂ ನಡುವೆ ಒಬ್ಬ ಮನುಷ್ಯಳ ಮುಖವನ್ನು ತಂದು ನಿಲ್ಲಿಸಿದರು. ಎಷ್ಟೋ ಆಣೆಗಳಿಗಿಂತ ಈ ಉಪಾಯ ನನಗೆ ಹಿಡಿಸುತ್ತದೆ.

ಆ ಬಳಗ ಬಹುಬೇಗ ಆಕ್ಸ್‌ಫರ್ಡ್ ಗ್ರೂಪಿನಿಂದ ಬೇರೆಯಾಯಿತು. ನ್ಯೂಯಾರ್ಕಿನಲ್ಲಿ 1937, ಆಕ್ರನ್ನಿನಲ್ಲಿ 1939. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ಆ ದೇವರು ಯಾರು ಎಂಬುದನ್ನು ಅವರವರ ತಿಳಿವಳಿಕೆಗೆ ಬಿಟ್ಟಿದ್ದಾರೆ. ನಮ್ಮ ದೇಶದಲ್ಲಿ ಇದು 1957ರಲ್ಲಿ ಆರಂಭವಾಯಿತು. ಚರ್ಚಿನ ಹಾಲು, ಶಾಲೆಯ ಕೋಣೆ ಸಿಕ್ಕಿದಲ್ಲಿ ಸಭೆ ಸೇರುತ್ತಾರೆ. ಹಾಲು ಚರ್ಚಿನದಾದರೆ ಸಭೆ ಚರ್ಚಿನದಾಗುವುದಿಲ್ಲ. ಶುಲ್ಕವಿಲ್ಲ, ಮತ ಕೇಳುವುದಿಲ್ಲ, ರುಜು ಹಾಕಿಸುವುದಿಲ್ಲ. ಇನ್ನು ಚರ್ಚುಗಳೇ ನೇರವಾಗಿ, ಬೈಬಲ್ ಓದಿ ಪ್ರಾರ್ಥನೆ ಮಾಡಿಸಿ ನಡೆಸುವ ಬಳಗಗಳೂ ಇವೆ. ಅವು ಕ್ರೈಸ್ತ ಬಳಗಗಳೇ, ಹಾಗೆಂದು ತಿಳಿದೇ ಹೋಗಬೇಕು. ಎರಡರ ವ್ಯತ್ಯಾಸ ಕೇಳಿ ತಿಳಿದುಕೊಳ್ಳುವುದು ತಮ್ಮ ಹಕ್ಕು. ನಮ್ಮ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಭಜನೆ ಇದೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿಗಳಿವೆ. ದೇವರ ಹೆಸರು ಬೇರೆ, ಒಬ್ಬನ ಪಕ್ಕ ಇನ್ನೊಬ್ಬ ಕೂರುವ ರೀತಿ ಅದೇ.

ಇದರಿಂದ ಫಲವುಂಟೆ? ತಳಿಯನ್ನು ಪ್ರಾತ್ಯಕ್ಷಿಕೆ ತಾಕಿನಲ್ಲಿ ಪರೀಕ್ಷಿಸುವ ಹಾಗೆ ಇದನ್ನೂ ಪರೀಕ್ಷಿಸಿದ್ದಾರೆ. 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆಯವರು 27 ಅಧ್ಯಯನಗಳನ್ನು, ಸುಮಾರು ಹತ್ತೂವರೆ ಸಾವಿರ ಜನರ ವಿವರವನ್ನು ಕೂಡಿಸಿ ನೋಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಜನರನ್ನು ಕ್ರಮವಾಗಿ ಸೇರಿಸುವ ಚಿಕಿತ್ಸೆ, ಕುಡಿತ ಪೂರ್ತಿ ಬಿಡುವ ಮಟ್ಟಿಗೆ, ಬೇರೆ ಹೆಸರಾಂತ ಚಿಕಿತ್ಸೆಗಳಿಗೆ ಸಮ ಇಲ್ಲವೆ ತುಸು ಮೇಲು ಎಂದು ಕಂಡಿತು. ಎಲ್ಲರೂ ಬಿಟ್ಟರು ಎಂದು ಇದರ ಅರ್ಥವಲ್ಲ. ಬಿತ್ತಿದ್ದೆಲ್ಲ ಮೊಳೆಯುವುದೂ ಇಲ್ಲ.

ಆದರೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಬೆಳಗಿನಿಂದ ರಾತ್ರಿಯವರೆಗೆ ಕುಡಿದವನು ಇಂದೇ ಬಿಟ್ಟೆ ಎಂದು ಒಮ್ಮೆಗೇ ನಿಲ್ಲಿಸಿದರೆ ಅಪಾಯವುಂಟು. ಮೊದಲ ದಿನ ಕೈ ನಡುಕ, ಬೆವರು. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು. ಅದನ್ನು ದೆವ್ವ ಎಂದು ಕಟ್ಟಿಹಾಕಿ ಕೂತರೆ ಪ್ರಾಣ ಹೋದೀತು. ಮೊದಲು ಡಾಕ್ಟರು, ಆಮೇಲೆ ಭಜನೆ, ಪ್ರಾರ್ಥನೆ, ಸಭೆ. ಕುಡಿತ ಬಿಡಿಸುವ ಮಾತ್ರೆಯನ್ನು ಅವನಿಗೆ ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸುವುದೂ ಬೇಡ. ಆ ಮಾತ್ರೆ ಹೊಟ್ಟೆಯಲ್ಲಿದ್ದು ಮೇಲೆ ಕುಡಿದರೆ ರಕ್ತದ ಒತ್ತಡ ಕುಸಿದು ಜೀವಕ್ಕೇ ಎರವಾಗಬಹುದು. ಅವನಿಗೆ ಹೇಳಿ, ಡಾಕ್ಟರ ಕೈಯಿಂದ ಮಾತ್ರ ಕೊಡಿಸಬೇಕು. ಪ್ರಾರ್ಥನೆಯ ಹೆಸರಿನಲ್ಲಾಗಲಿ ಮಂತ್ರದ ಹೆಸರಿನಲ್ಲಾಗಲಿ ಸರಪಳಿ ಹಾಕುವ, ಹೊಡೆಯುವ ಜಾಗಕ್ಕೆ ಯಾರನ್ನೂ ಬಿಡಬೇಡಿ. ಮಾನಸಿಕ ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ; ಕುಡಿತದ ರೋಗವೂ ಆ ಕಾಯಿದೆಯ ಒಳಗೇ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವುಂಟು. ಅಷ್ಟು ದೂರ ಆಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ಕೇಳಬಹುದು. 14446 ಎಂಬ ಸರ್ಕಾರದ ನಂಬರಿಗೆ ಖರ್ಚಿಲ್ಲದೆ ಫೋನು ಮಾಡಬಹುದು.

ಇನ್ನು ತಾಯಂದಿರ ವಿಷಯ. ಬಿಲ್ ವಿಲ್ಸನ್ನರ ಹೆಂಡತಿ ಲೋಯಿಸ್ ಅವರು ಅಂಗಡಿಯಲ್ಲಿ ಕೆಲಸ ಮಾಡಿ ಮನೆ ನಡೆಸಿದವರು. ಗಂಡ ಕುಡಿತ ಬಿಟ್ಟ ಮೇಲೆ ಎಲ್ಲ ಸರಿಹೋಗಬೇಕಿತ್ತಲ್ಲ? ಒಂದು ದಿನ ಗಂಡ "ಸಭೆಗೆ ಹೊತ್ತಾಯಿತು, ಬಾ" ಎಂದು ಅವಸರಪಡಿಸಿದಾಗ ಆಕೆ ಸಿಟ್ಟಿನಿಂದ ಕೈಗೆ ಸಿಕ್ಕ ಬೂಟನ್ನು ಎಸೆದೇಬಿಟ್ಟರು! ಆಮೇಲೆ ತಮ್ಮ ಸಿಟ್ಟಿಗೆ ತಾವೇ ಬೆರಗಾದರು. ವರ್ಷಾನುಗಟ್ಟಲೆ ಅವನನ್ನು ಕಾಯುವುದು, ಹುಡುಕುವುದು, ಸುಳ್ಳು ಹೇಳಿ ಮರ್ಯಾದೆ ಉಳಿಸುವುದು, ಇದೇ ಅವರ ಬದುಕಾಗಿತ್ತು. ಅವನನ್ನು ಬಿಡಿಸಿದ್ದು ನಾನಲ್ಲ, ಯಾರೋ ಹೊರಗಿನವರು ಎಂಬ ನೋವು ಬೇರೆ. ರೋಗ ಕುಡಿಯುವವನಿಗೆ ಮಾತ್ರ ಅಲ್ಲ, ಮನೆಗೆಲ್ಲ ತಗಲುತ್ತದೆ ಎಂದು ಅವರಿಗೆ ತೋರಿತು. 1951ರಲ್ಲಿ ಆಕೆ ಗೆಳತಿಯೊಬ್ಬರ ಜೊತೆ ಸೇರಿ ಅಲ್-ಅನಾನ್ ಎಂಬ ಮನೆಯವರ ಬಳಗವನ್ನು ವ್ಯವಸ್ಥೆಗೆ ತಂದರು.

ಅಲ್ಲಿ ಹೇಳಿಕೊಡುವುದು ಗಂಡನನ್ನು ತಿದ್ದುವ ಉಪಾಯವಲ್ಲ. ಅವನ ಕುಡಿತಕ್ಕೆ ನೀನು ಕಾರಣಳಲ್ಲ. ನೀನು ಉಪವಾಸ ಬಿದ್ದರೂ ಅತ್ತರೂ ಅದು ನಿಲ್ಲುವುದಿಲ್ಲ. ನಿನ್ನ ಊಟ, ನಿನ್ನ ಮಕ್ಕಳ ಪಾಠ, ನಿನ್ನ ಆರೋಗ್ಯವನ್ನು ಅವನು ಬಿಡುವ ದಿನದವರೆಗೆ ಮುಂದೂಡಬೇಡ ಎಂದು. ಅವನ ಅಂಗಡಿ ಬಾಕಿ ತೀರಿಸಲು ಓಡುವ ಅಣ್ಣ, ಕೂಲಿ ತಪ್ಪಿದ್ದಕ್ಕೆ ಜ್ವರ ಬಂದಿತ್ತು ಎಂದು ಹೇಳುವ ತಾಯಿ, ಇವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕುಡಿತಕ್ಕೆ ನೀರು ಕಟ್ಟುತ್ತಿರುತ್ತಾರೆ. ಆದರೆ ಹೊಡೆತ ಬಡಿತ ಇದ್ದಲ್ಲಿ ಸಹನೆಯ ಪಾಠ ಹೇಳುವವರ ಮಾತು, ಅವರು ಪಾದ್ರಿಗಳಾಗಲಿ ಸ್ವಾಮಿಗಳಾಗಲಿ, ಕೇಳಬೇಕಾಗಿಲ್ಲ. ಮೊದಲು ಮಕ್ಕಳೊಡನೆ ಸುರಕ್ಷಿತವಾದ ಜಾಗ. 181 ಹೆಂಗಸರ ಸಹಾಯದ ನಂಬರು.

ಬಿಡಬೇಕೆಂದು ಮನಸ್ಸು ಮಾಡಿದ ರೈತನಿಗೆ ನನ್ನ ಕಸುಬಿನಿಂದ ಒಂದು ಮಾತು. ಗೂಡು, ಕಬ್ಬು, ಹಾಲಿನ ಹಣ ಕೈಗೆ ಬರುವ ದಿನವೇ ಗಂಡಾಂತರದ ದಿನ. ಹಣ ಜಂಟಿ ಖಾತೆಗೆ ಬೀಳುವಂತೆ ತಾನೇ ಬರೆದುಕೊಡಲಿ. ಮುಂದಿನ ಬೆಳೆಯ ಗೊಬ್ಬರ, ಬೀಜವನ್ನು ಅದೇ ದಿನ ಹೆಂಡತಿಯೊಡನೆ ಹೋಗಿ ಕೊಳ್ಳಲಿ. ಸಂತೆಗೆ ಒಬ್ಬನೇ ಹೋಗದಿರಲಿ; ಜೊತೆಗೆ ಹೋಗುವವನು ಬಿಟ್ಟವನಾಗಿದ್ದರೆ ಇನ್ನೂ ಲೇಸು. ಆರು ತಿಂಗಳು ಬಿಟ್ಟು ಮತ್ತೆ ಜಾರಿದವನನ್ನು ಅರಳಿಕಟ್ಟೆಯಲ್ಲಿ ಕೂತು ನಗುವುದನ್ನು ಯುವಕ ಮಂಡಲದವರು ದಯಮಾಡಿ ನಿಲ್ಲಿಸಬೇಕು. ಒಂದು ಮಳೆ ತಪ್ಪಿತೆಂದು ನಾವು ಹೊಲವನ್ನು ಬೀಳು ಬಿಡುತ್ತೇವೆಯೆ?

ಪೇಟೆಯ ಸಭೆಯ ದಿನ, ವೇಳೆ ಬೇಕಾದವರು ನಾನು ಹೊಲದ ಸುತ್ತಿಗೆ ಬಂದಾಗ ಕೇಳಬಹುದು. ಗಂಡಸರೆದುರು ಕೇಳಲು ಸಂಕೋಚವಾದರೆ ತಾಯಂದಿರು ಗ್ರಾಮಸೇವಿಕೆಯವರಲ್ಲಿ ಕೇಳಲಿ. ಯಾರು ಕೇಳಿದರೆಂದು ನಾವು ಊರಿನಲ್ಲಿ ಬಾಯಿ ಬಿಡುವುದಿಲ್ಲ. ಮೊದಲ ಸಲ ಒಬ್ಬರೇ ಹೋಗಲು ಹಿಂಜರಿದರೆ ನಾನೂ ಬಸ್ಸಿನಲ್ಲಿ ಜೊತೆಗೆ ಬರುತ್ತೇನೆ. ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ.